ಬೆನ್ನುಮೂಳೆ ಶಸ್ತ್ರಚಿಕಿತ್ಸೆಯಲ್ಲಿ ನರಗಳ ನಿಗಾ ಹಾಗೂ ಅರಿವಳಿಕೆ ಔಷಧಗಳ ಆಯ್ಕೆ: ಸಾರ್ವಜನಿಕರಿಗೆ ತಿಳಿವಳಿಕೆ

ಬೆನ್ನುಮೂಳೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ನೆರವು ಕೋರಿ ಅರ್ಜಿ ಸಲ್ಲಿಸುವವರಿಗೆ ಆಸ್ಪತ್ರೆಯಿಂದ ದೊರೆಯುವ ಅಂದಾಜು ಪಟ್ಟಿಯಲ್ಲಿ ‘ನ್ಯೂರೋ ಮಾನಿಟರಿಂಗ್’ ಎಂಬ ಒಂದು ಬಾಬ್ತು ಇರುವುದುಂಟು. ಅರಿವಳಿಕೆಯ ಕಾಲಂನಲ್ಲಿ ‘ಟಿ.ಐ.ವಿ.ಎ.’ ಎಂದು ಬರೆದಿರುತ್ತದೆ. ಇವು ಏನು, ಒಂದಕ್ಕೊಂದು ಯಾವ ಸಂಬಂಧ, ಇವಿಲ್ಲದೆ ಶಸ್ತ್ರಚಿಕಿತ್ಸೆ ಆಗದೇ ಎಂದು ಅರ್ಜಿದಾರರು ವಿಚಾರಿಸುತ್ತಿರುವ ಹಿನ್ನೆಲೆಯಲ್ಲಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ಇದು ವೈದ್ಯಕೀಯ ಸಲಹೆಯಲ್ಲ. ಯಾವ ರೋಗಿಗೆ ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ನಿರ್ಧರಿಸುವ ಅಧಿಕಾರ ಅರಿವಳಿಕೆ ತಜ್ಞರದೇ ಆಗಿರುತ್ತದೆ. ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವವರು ರೋಗಿ ಅಥವಾ ರೋಗಿಯ ತಂದೆತಾಯಿಯರು. ತಾವು ಯಾವುದಕ್ಕೆ ಸಹಿ ಮಾಡುತ್ತಿದ್ದೇವೆ ಎಂಬುದು ಅವರಿಗೆ ತಿಳಿದಿರಬೇಕು.

ನಿಗಾ ಏಕೆ ಬೇಕು

ಹದಿಹರೆಯದಲ್ಲಿ ಕಾಣಿಸಿಕೊಳ್ಳುವ ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆಯು ಪಕ್ಕಕ್ಕೆ ಬಾಗಿ ತಿರುಚಿಕೊಳ್ಳುವ ತೊಂದರೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬಾಗು ಹೆಚ್ಚಾದವರಲ್ಲಿ ಹೆಣ್ಣುಮಕ್ಕಳ ಸಂಖ್ಯೆಯೇ ಅಧಿಕ. ಶಸ್ತ್ರಚಿಕಿತ್ಸಕರು ಬೆನ್ನಿನ ಕಡೆಯಿಂದ ತೆರೆದು, ಮೂಳೆಗಳಿಗೆ ತಿರುಪುಗಳನ್ನು ಕೂರಿಸಿ, ಅವುಗಳಿಗೆ ಲೋಹದ ಸರಳುಗಳನ್ನು ಜೋಡಿಸಿ ಬಾಗನ್ನು ನೇರಗೊಳಿಸುತ್ತಾರೆ. ಈ ಮೂಳೆಗಳ ನಡುವಿನ ಕಾಲುವೆಯಲ್ಲಿ ಹೆಚ್ಚುಕಡಿಮೆ ಕಿರುಬೆರಳಿನ ಗಾತ್ರದ ಬೆನ್ನುಹುರಿ ಹಾದುಹೋಗಿರುತ್ತದೆ. ತಿರುಪು ಒಂದಿಷ್ಟು ಒಳಸರಿದರೂ, ನೇರಗೊಳಿಸುವಾಗ ಹುರಿ ಎಳೆಯಲ್ಪಟ್ಟು ಅದಕ್ಕೆ ರಕ್ತ ಸಾಲದಾದರೂ ಕಾಲುಗಳ ಸ್ವಾಧೀನ ತಪ್ಪುವ ಸಂಭವವಿದೆ. ಇಂತಹ ಪ್ರಸಂಗಗಳು ವಿರಳ. ಆದರೆ ನಡೆದುಕೊಂಡು ಆಸ್ಪತ್ರೆಗೆ ಬಂದ ಮಗು ನಡೆಯಲಾರದೆ ಹಿಂದಿರುಗುವುದು ಯಾವ ಕುಟುಂಬಕ್ಕೂ ವಿರಳವೆಂದು ಸಮಾಧಾನ ಪಟ್ಟುಕೊಳ್ಳುವ ವಿಷಯವಲ್ಲ.

ರೋಗಿಯು ಗಾಢ ನಿದ್ರೆಯಲ್ಲಿರುವಾಗ ಕಾಲಿನಲ್ಲಿ ಶಕ್ತಿ ಇದೆಯೇ ಇಲ್ಲವೇ ಎಂದು ತಿಳಿಯುವುದು ಹೇಗೆ? ಫ್ರಾನ್ಸಿನ ಸ್ಟಾಗ್ನಾರಾ ಮತ್ತು ಅವರ ಸಂಗಡಿಗರು 1973ರಲ್ಲಿ ಪ್ರಕಟಿಸಿದ ವಿಧಾನ ಬಹಳ ಸರಳ. ಶಸ್ತ್ರಚಿಕಿತ್ಸೆಯ ನಡುವೆ ಅರಿವಳಿಕೆಯನ್ನು ಹಗುರಗೊಳಿಸಿ, ರೋಗಿಯನ್ನು ಅರೆ ಎಚ್ಚರಕ್ಕೆ ತಂದು, ‘ಕಾಲು ಬೆರಳು ಅಲ್ಲಾಡಿಸಿ’ ಎಂದು ಹೇಳುವುದು. ಅಲ್ಲಾಡಿಸಿದರೆ ಪುನಃ ನಿದ್ರೆಗೆ ಕಳುಹಿಸಿ ಮುಂದುವರಿಯುವುದು. ಈ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಅದರ ಮಿತಿ ಏನೆಂದರೆ, ಅದು ಆ ಒಂದು ಕ್ಷಣದ ಸ್ಥಿತಿಯನ್ನು ಮಾತ್ರ ತಿಳಿಸುತ್ತದೆ. ಪರೀಕ್ಷೆ ಮುಗಿದ ಹತ್ತು ನಿಮಿಷಕ್ಕೆ ತೊಂದರೆಯಾದರೆ ಅದು ಗೊತ್ತಾಗುವುದಿಲ್ಲ. ಚಿಕ್ಕ ಮಕ್ಕಳು, ಕಿವಿ ಕೇಳದವರು, ಮಾತು ಗ್ರಹಿಸಲಾರದವರಲ್ಲಿ ಇದನ್ನು ಮಾಡುವುದೂ ಕಷ್ಟ.

ಆದುದರಿಂದ ವಿದ್ಯುತ್ ಸಂಕೇತಗಳ ಮೂಲಕ ನಿಗಾ ಇಡುವ ಪದ್ಧತಿ ಬೆಳೆದುಬಂದಿತು. ಇದರಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಎಸ್.ಎಸ್.ಇ.ಪಿ. ಕಾಲಿನ ಹರಡಿನ ಬಳಿ ಅಥವಾ ಮಣಿಕಟ್ಟಿನ ಬಳಿ ನರಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ನೀಡಿ, ಅದು ಬೆನ್ನುಹುರಿಯ ಹಿಂಭಾಗದ ಹಾದಿಯಲ್ಲಿ ಏರಿ ಮಿದುಳನ್ನು ತಲುಪಿತೇ ಎಂದು ನೆತ್ತಿಯ ಮೇಲಿನ ಎಲೆಕ್ಟ್ರೋಡುಗಳಿಂದ ದಾಖಲಿಸುವುದು. ಎರಡನೆಯದು ಎಂ.ಇ.ಪಿ. ಇದರ ದಿಕ್ಕು ತದ್ವಿರುದ್ಧ. ನೆತ್ತಿಯ ಮೇಲಿನಿಂದ ಮಿದುಳಿಗೆ ಪ್ರಚೋದನೆ ನೀಡಿ, ಅದು ಹುರಿಯಲ್ಲಿ ಇಳಿದು ಕೈಕಾಲಿನ ಸ್ನಾಯುಗಳನ್ನು ಮಿಡಿಸಿತೇ ಎಂದು ನೋಡುವುದು. ಲಂಡನ್ನಿನ ಮರ್ಟನ್ ಮತ್ತು ಮಾರ್ಟನ್ ಎಂಬ ವಿಜ್ಞಾನಿಗಳು ಎಚ್ಚರವಿರುವ ಮನುಷ್ಯನ ನೆತ್ತಿಯ ಮೂಲಕ ಹೀಗೆ ಸ್ನಾಯುವನ್ನು ಮಿಡಿಸಬಹುದೆಂದು 1980ರಲ್ಲಿ ತೋರಿಸಿದರು. ಆದರೆ ಅರಿವಳಿಕೆಯಲ್ಲಿರುವ ರೋಗಿಗೆ ಒಂದೇ ಮಿಡಿತದ ಪ್ರಚೋದನೆ ಸಾಲುತ್ತಿರಲಿಲ್ಲ. 1993ರಲ್ಲಿ, ಒಂದರ ಹಿಂದೊಂದು ಹಲವು ಮಿಡಿತಗಳನ್ನು ಸರಣಿಯಾಗಿ ಕೊಡುವ ವಿಧಾನ ಪ್ರಕಟವಾದ ನಂತರವೇ ಎಂ.ಇ.ಪಿ. ಆಪರೇಷನ್ ಥಿಯೇಟರಿಗೆ ನಂಬಬಹುದಾದ ಸಾಧನವಾಯಿತು.

ಒಂದು ಇರುವಾಗ ಮತ್ತೊಂದು ಏಕೆ ಎಂಬ ಪ್ರಶ್ನೆ ಸಹಜ. ಬೆನ್ನುಹುರಿಯ ಮುಂಭಾಗದ ಸುಮಾರು ಮೂರನೇ ಎರಡು ಪಾಲಿಗೆ ಒಂದು ರಕ್ತನಾಳವೂ ಹಿಂಭಾಗಕ್ಕೆ ಬೇರೆ ರಕ್ತನಾಳಗಳೂ ರಕ್ತ ಪೂರೈಸುತ್ತವೆ. ಚಲನೆಯ ಹಾದಿ ಬಹುಮಟ್ಟಿಗೆ ಮುಂಭಾಗದ ನಾಳವನ್ನು ಅವಲಂಬಿಸಿದ್ದರೆ, ಎಸ್.ಎಸ್.ಇ.ಪಿ. ನೋಡುವ ಸ್ಪರ್ಶದ ಹಾದಿ ಹಿಂಭಾಗದಲ್ಲಿದೆ. ಮುಂಭಾಗಕ್ಕೆ ಮಾತ್ರ ರಕ್ತ ಕಡಿಮೆಯಾದಾಗ ಎಸ್.ಎಸ್.ಇ.ಪಿ. ಚೆನ್ನಾಗಿಯೇ ಇದ್ದು, ರೋಗಿ ಎದ್ದ ಮೇಲೆ ಕಾಲು ಎತ್ತಲಾರದ ಸ್ಥಿತಿ ಉಂಟಾಗಬಹುದು.

ಇದರಿಂದ ಪ್ರಯೋಜನವಿದೆಯೇ ಎಂದರೆ, 1995ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯು 51,263 ಶಸ್ತ್ರಚಿಕಿತ್ಸೆಗಳ ಮಾಹಿತಿ ಸಂಗ್ರಹಿಸಿ, ಎಸ್.ಎಸ್.ಇ.ಪಿ. ನಿಗಾದಲ್ಲಿ ಅನುಭವವುಳ್ಳ ತಂಡಗಳಲ್ಲಿ ನರಹಾನಿಯ ಪ್ರಮಾಣ ಅನುಭವವಿಲ್ಲದ ತಂಡಗಳ ಅರ್ಧಕ್ಕಿಂತಲೂ ಕಡಿಮೆ ಇತ್ತೆಂದು ತಿಳಿಸಿತು. ಯಂತ್ರ ಇದ್ದರೆ ಸಾಲದು, ಅದನ್ನು ಓದುವವರಿಗೆ ಅನುಭವವೂ ಬೇಕು ಎಂಬುದು ಇದರಿಂದ ಸ್ಪಷ್ಟ. ನಿಗಾ ವ್ಯವಸ್ಥೆ ಒಂದು ಎಚ್ಚರಿಕೆಯ ಗಂಟೆ. ಗಂಟೆ ಕೇಳಿದ ಮೇಲೆ ತಂಡ ಏನು ಮಾಡುತ್ತದೆ ಎಂಬುದರ ಮೇಲೆ ಫಲಿತಾಂಶ ನಿಂತಿದೆ.

ಔಷಧದಿಂದಲೇ ಸಂಕೇತ ಮರೆಯಾಗುವ ತೊಡಕು

ಅರಿವಳಿಕೆಯ ಕೆಲಸವೇ ನರವ್ಯೂಹವನ್ನು ತಗ್ಗಿಸುವುದು. ನಿಗಾ ಯಂತ್ರಕ್ಕೆ ಬೇಕಾಗಿರುವುದೋ ಅದೇ ನರವ್ಯೂಹದ ಉತ್ತರ. ಒಂದೇ ರೋಗಿಯಲ್ಲಿ ಈ ಎರಡನ್ನೂ ಸಾಧಿಸಬೇಕು.

ಮಿದುಳಿನಲ್ಲಿ ದಾಖಲಾಗುವ ಎಸ್.ಎಸ್.ಇ.ಪಿ. ಸಂಕೇತದ ಎತ್ತರ ಕೆಲವೇ ಮೈಕ್ರೋವೋಲ್ಟ್, ಅಂದರೆ ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವು ಪಾಲು. ನಮ್ಮ ಮನೆಗೆ ಬರುವ ವಿದ್ಯುತ್ 230 ವೋಲ್ಟ್ ಎಂಬುದನ್ನು ನೆನೆದರೆ ಇದರ ಸೂಕ್ಷ್ಮತೆ ತಿಳಿಯುತ್ತದೆ. ಮಿದುಳಿನ ಸ್ವಂತ ಚಟುವಟಿಕೆಯ ಸದ್ದು ಇದಕ್ಕಿಂತ ಹೆಚ್ಚು. ಆದುದರಿಂದ ನೂರಾರು ಬಾರಿ ಪ್ರಚೋದಿಸಿ, ಸರಾಸರಿ ತೆಗೆದು, ಸದ್ದಿನೊಳಗಿಂದ ಸಂಕೇತವನ್ನು ಹೆಕ್ಕಬೇಕಾಗುತ್ತದೆ.

ಅರಿವಳಿಕೆ ಔಷಧಗಳು ನರತಂತುವಿನ ಉದ್ದಕ್ಕೂ ಹರಿಯುವ ಮಿಡಿತವನ್ನು ಅಷ್ಟಾಗಿ ತಡೆಯುವುದಿಲ್ಲ. ಒಂದು ನರಕೋಶದಿಂದ ಮತ್ತೊಂದಕ್ಕೆ ಸಂದೇಶ ದಾಟುವ ಸಂಧಿಗಳಲ್ಲಿ ಅವು ಮುಖ್ಯವಾಗಿ ಕೆಲಸ ಮಾಡುತ್ತವೆ. ಹಾದಿಯಲ್ಲಿ ಸಂಧಿಗಳಿದ್ದಷ್ಟೂ ಸಂಕೇತ ಸೊರಗುತ್ತದೆ. ಎಂ.ಇ.ಪಿ.ಗೆ ಮಿದುಳಿನ ಹೊರಪದರದಲ್ಲಿಯೂ ಬೆನ್ನುಹುರಿಯ ಮುಂಭಾಗದ ಕೋಶಗಳಲ್ಲಿಯೂ ಸಂಧಿಗಳ ಅಡ್ಡಿ ಇರುವುದರಿಂದ, ಮತ್ತು ಕೊನೆಯಲ್ಲಿ ನರದಿಂದ ಸ್ನಾಯುವಿಗೆ ಇನ್ನೊಂದು ದಾಟು ಇರುವುದರಿಂದ, ಔಷಧಗಳ ಪ್ರಭಾವ ಅದರ ಮೇಲೆ ಎಲ್ಲಕ್ಕಿಂತ ಹೆಚ್ಚು.

ಯಾವ ಔಷಧ, ಏಕೆ

ಹಿಂದಿನಿಂದ ಬಳಕೆಯಲ್ಲಿರುವುದು ಉಸಿರಿನ ಮೂಲಕ ಕೊಡುವ ಅನಿಲಗಳು: ಐಸೋಫ್ಲೂರೇನ್, ಸೆವೋಫ್ಲೂರೇನ್, ಡೆಸ್‌ಫ್ಲೂರೇನ್. ಇವುಗಳ ಪ್ರಮಾಣವನ್ನು ‘ಮ್ಯಾಕ್’ ಎಂಬ ಮಾಪನದಲ್ಲಿ ಹೇಳುತ್ತಾರೆ. ಚರ್ಮ ಕೊಯ್ದಾಗ ಅರ್ಧದಷ್ಟು ರೋಗಿಗಳು ಅಲುಗಾಡದಂತೆ ಇರಲು ಬೇಕಾಗುವ ಸಾಂದ್ರತೆಯೇ ಒಂದು ಮ್ಯಾಕ್. ಅರ್ಧ ಮ್ಯಾಕ್‌ವರೆಗೆ ಎಸ್.ಎಸ್.ಇ.ಪಿ. ಅನೇಕರಲ್ಲಿ ಉಳಿಯುತ್ತದೆ. ಎಂ.ಇ.ಪಿ. ಮಾತ್ರ ಅಷ್ಟರಲ್ಲಿಯೇ ಗಣನೀಯವಾಗಿ ಕುಗ್ಗಬಹುದು. ಪ್ರಮಾಣ ಹೆಚ್ಚಿದಂತೆ ಪೂರ್ತಿ ಮಾಯವಾಗಬಹುದು. ನಗೆ ಅನಿಲವೆಂದು ಜನರು ಕರೆಯುವ ನೈಟ್ರಸ್ ಆಕ್ಸೈಡ್ ಕೂಡ ಸಂಕೇತವನ್ನು ಕುಗ್ಗಿಸುತ್ತದೆ, ಅನಿಲಗಳೊಂದಿಗೆ ಸೇರಿದಾಗ ಮತ್ತಷ್ಟು.

ಆದುದರಿಂದ ಎಂ.ಇ.ಪಿ. ನಿಗಾ ಇರುವಲ್ಲಿ ತಜ್ಞರು ಸಾಮಾನ್ಯವಾಗಿ ಆರಿಸುವುದು ಟಿ.ಐ.ವಿ.ಎ., ಅಂದರೆ ಅನಿಲವಿಲ್ಲದೆ ಪೂರ್ತಿಯಾಗಿ ರಕ್ತನಾಳದ ಮೂಲಕವೇ ಔಷಧ ಹರಿಸುವ ಅರಿವಳಿಕೆ. ಇದರ ಆಧಾರಸ್ತಂಭ ಪ್ರೊಪೊಫಾಲ್, ಹಾಲಿನಂತೆ ಬೆಳ್ಳಗಿರುವ ಔಷಧ. ಇದನ್ನು ಅಭಿವೃದ್ಧಿಪಡಿಸಿದ ಇಯಾನ್ ಗ್ಲೆನ್ ವೃತ್ತಿಯಿಂದ ಪಶುವೈದ್ಯರು. ಅವರಿಗೆ 2018ರಲ್ಲಿ ಅಮೆರಿಕದ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ ಸಂದಿತು. ಪ್ರೊಪೊಫಾಲ್ ಸಹ ಎಂ.ಇ.ಪಿ.ಯನ್ನು ತಗ್ಗಿಸುತ್ತದೆ, ಆದರೆ ಅನಿಲಗಳಿಗಿಂತ ಕಡಿಮೆ. ಸಿರಿಂಜ್ ಪಂಪಿನಿಂದ ಒಂದೇ ವೇಗದಲ್ಲಿ ಹರಿಸಬಹುದಾದ್ದರಿಂದ ಮಟ್ಟ ಏರುಪೇರಾಗುವುದೂ ಕಡಿಮೆ.

ಕೇವಲ ತಿಳಿವಳಿಕೆಗಾಗಿ ಒಂದು ಲೆಕ್ಕ ಕೊಡಲಾಗಿದೆ. 40 ಕಿಲೋ ತೂಕದ ರೋಗಿಗೆ ಪ್ರತಿ ಕಿಲೋಗೆ ಪ್ರತಿ ಗಂಟೆಗೆ 6 ಮಿಲಿಗ್ರಾಂನಂತೆ ಹರಿಸಿದರೆ ಗಂಟೆಗೆ 240 ಮಿಲಿಗ್ರಾಂ. ಆರು ಗಂಟೆಗೆ 1,440 ಮಿಲಿಗ್ರಾಂ. ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಇರುವ ದ್ರಾವಣವಾದರೆ 144 ಮಿಲಿಲೀಟರ್. ಬಿಲ್ಲಿನಲ್ಲಿ ಒಂದೇ ಔಷಧದ ಬಾಟಲಿಗಳು ಹಲವಾರು ಕಂಡಾಗ ಅದು ತಪ್ಪು ನಮೂದು ಎಂದು ತಕ್ಷಣ ಭಾವಿಸಬೇಕಾಗಿಲ್ಲ. ಇಷ್ಟು ಹೊತ್ತು ಹರಿದ ಪ್ರೊಪೊಫಾಲ್ ದೇಹದಲ್ಲಿ ಸಂಗ್ರಹವಾಗುವುದರಿಂದ ರೋಗಿ ಎಚ್ಚರಗೊಳ್ಳುವುದು ತಡವಾಗಬಹುದು. ಸಂಕೇತಗಳು ಸಹ ಗಂಟೆಗಳು ಕಳೆದಂತೆ ನಿಧಾನವಾಗಿ ಮಂಕಾಗುವುದುಂಟು.

ಪ್ರೊಪೊಫಾಲ್ ನಿದ್ರೆ ತರಿಸುತ್ತದೆಯೇ ಹೊರತು ನೋವನ್ನು ಪರಿಣಾಮಕಾರಿಯಾಗಿ ತಡೆಯುವುದಿಲ್ಲ. ನೋವಿಗಾಗಿ ಫೆಂಟನಿಲ್, ರೆಮಿಫೆಂಟನಿಲ್‌ನಂತಹ ಔಷಧಗಳನ್ನು ಜೊತೆಗೆ ಹರಿಸುತ್ತಾರೆ. ಇವುಗಳ ದೊಡ್ಡ ಅನುಕೂಲವೆಂದರೆ ಸಂಕೇತಗಳ ಮೇಲೆ ಪ್ರಭಾವ ಅಲ್ಪ. ನೋವಿನ ಔಷಧ ಸಾಕಷ್ಟಿದ್ದರೆ ಪ್ರೊಪೊಫಾಲ್ ಕಡಿಮೆ ಸಾಕಾಗುತ್ತದೆ. ಒಂದರ ಹೊರೆಯನ್ನು ಇನ್ನೊಂದು ಹಂಚಿಕೊಳ್ಳುವಂತೆ ಔಷಧಗಳನ್ನು ಜೋಡಿಸುವುದೇ ಈ ‘ಕಾಂಬಿನೇಷನ್’ ಎಂಬುದರ ಒಳಗುಟ್ಟು.

ಕೆಟಮಿನ್ ಇಲ್ಲಿ ವಿಶೇಷ ಸ್ಥಾನ ಪಡೆದಿದೆ. ಅದು ಎಸ್.ಎಸ್.ಇ.ಪಿ.ಯನ್ನು ಕುಗ್ಗಿಸುವ ಬದಲು ಎತ್ತರಿಸಬಲ್ಲದು, ಎಂ.ಇ.ಪಿ.ಯನ್ನೂ ಬಹುಮಟ್ಟಿಗೆ ಉಳಿಸುತ್ತದೆ, ನೋವನ್ನೂ ತಗ್ಗಿಸುತ್ತದೆ. ಎಳೆಯ ಮಕ್ಕಳಲ್ಲಿ ಚಲನೆಯ ನರಹಾದಿ ಪೂರ್ತಿ ಬಲಿತಿರುವುದಿಲ್ಲ. ಮೊದಲಿನಿಂದಲೇ ಸಂಕೇತ ದುರ್ಬಲವಾಗಿರುತ್ತದೆ. ಅಂತಹ ಕಡೆ ಸ್ವಲ್ಪ ಕೆಟಮಿನ್ ಸೇರಿಸಿ ಪ್ರೊಪೊಫಾಲ್ ಇಳಿಸುವುದು ಉಪಯುಕ್ತವಾಗುತ್ತದೆ. ದೋಷವೂ ಇದೆ: ಎಚ್ಚರವಾಗುವಾಗ ಕೆಲವರಿಗೆ ಭ್ರಮೆಯಂತಹ ಕನಸುಗಳು ಕಾಣಿಸುತ್ತವೆ. ಮಗು ಎದ್ದ ಕೂಡಲೇ ಅಸಂಬದ್ಧವಾಗಿ ಮಾತನಾಡಿದರೆ ಗಾಬರಿಯಾಗದೆ ಶುಶ್ರೂಷಕರಿಗೆ ತಿಳಿಸುವುದು.

ಎಟೊಮಿಡೇಟ್ ಎಂಬ ಔಷಧವೂ ಸಂಕೇತವನ್ನು ಎತ್ತರಿಸುತ್ತದೆ, ಆದರೆ ಮೂತ್ರಪಿಂಡದ ಮೇಲಿರುವ ಅಡ್ರೀನಲ್ ಗ್ರಂಥಿಯ ಕೆಲಸವನ್ನು ಅಡಗಿಸುವುದರಿಂದ ಗಂಟೆಗಟ್ಟಲೆ ಹರಿಸಲು ಯೋಗ್ಯವಲ್ಲ. ಡೆಕ್ಸ್‌ಮೆಡಿಟೊಮಿಡಿನ್ ಅನ್ನು ಅಲ್ಪ ಪ್ರಮಾಣದಲ್ಲಿ ಸೇರಿಸುವವರಿದ್ದಾರೆ. ಪ್ರಮಾಣ ಹೆಚ್ಚಾದರೆ ಎಂ.ಇ.ಪಿ. ಕುಗ್ಗುತ್ತದೆ.

ಇನ್ನು ಸ್ನಾಯು ಸಡಿಲಿಸುವ ಔಷಧಗಳು. ಉಸಿರಾಟದ ಕೊಳವೆ ಹಾಕುವಾಗ ಇವು ಬೇಕಾಗುತ್ತವೆ. ಆದರೆ ಸ್ನಾಯು ಪೂರ್ತಿ ಸಡಿಲವಾಗಿದ್ದರೆ ಎಂ.ಇ.ಪಿ. ಬರುವುದೇ ಇಲ್ಲ, ಏಕೆಂದರೆ ಉತ್ತರ ಹೇಳಬೇಕಾದುದೇ ಸ್ನಾಯು. ವಿಚಿತ್ರವೆಂದರೆ ಇದೇ ಔಷಧದಿಂದ ಎಸ್.ಎಸ್.ಇ.ಪಿ. ಇನ್ನಷ್ಟು ಸ್ವಚ್ಛವಾಗಿ ಕಾಣುತ್ತದೆ, ಸ್ನಾಯುಗಳ ಗದ್ದಲ ಅಡಗುವುದರಿಂದ. ಎರಡೂ ನಿಗಾ ಇರುವಾಗ ಕೊಳವೆ ಹಾಕಲು ಒಮ್ಮೆ ಮಾತ್ರ ಕೊಟ್ಟು, ಅದರ ಪ್ರಭಾವ ಇಳಿಯುವವರೆಗೆ ಕಾಯುವುದು ಅಥವಾ ಪ್ರತಿಔಷಧದಿಂದ ಇಳಿಸುವುದು ವಾಡಿಕೆ. ರೊಕ್ಯುರೋನಿಯಂ ಕೊಟ್ಟಿದ್ದರೆ ಸುಗಮಡೆಕ್ಸ್ ಎಂಬ ಪ್ರತಿಔಷಧ ಅದನ್ನು ಬೇಗ ಹಿಂದೆಗೆಯುತ್ತದೆ. ಸಡಿಲತೆ ಎಷ್ಟು ಉಳಿದಿದೆ ಎಂಬುದನ್ನು ಅಳೆಯಲು ಪ್ರತ್ಯೇಕ ಸಣ್ಣ ಯಂತ್ರವಿದೆ.

ಬೆನ್ನುಮೂಳೆಯ ಎಲ್ಲಾ ಶಸ್ತ್ರಚಿಕಿತ್ಸೆಗಳಿಗೂ ಇಷ್ಟೆಲ್ಲ ವ್ಯವಸ್ಥೆ ಬೇಕಾಗಿಲ್ಲ ಎಂಬುದನ್ನೂ ಇಲ್ಲಿಯೇ ಹೇಳುವುದು ಸೂಕ್ತ. ಸೊಂಟದ ಭಾಗದಲ್ಲಿ ಒಂದು ಡಿಸ್ಕ್ ತೆಗೆಯುವಂತಹ ಸಾಮಾನ್ಯ ಶಸ್ತ್ರಚಿಕಿತ್ಸೆಯನ್ನು ಅನಿಲದ ಅರಿವಳಿಕೆಯಲ್ಲಿ, ನಿಗಾ ಇಲ್ಲದೆ ಮಾಡುವುದು ರೂಢಿಯಲ್ಲಿದೆ. ಪಕ್ಕದ ಹಾಸಿಗೆಯವರಿಗೆ ಮಾಡಿದರು, ನಮಗೇಕಿಲ್ಲ ಎಂಬ ಹೋಲಿಕೆ ಇಲ್ಲಿ ಹೊಂದುವುದಿಲ್ಲ.

ಸಂಕೇತ ಕುಸಿದಾಗ ಏನು ನಡೆಯುತ್ತದೆ

ಔಷಧದ ಆಯ್ಕೆ ಏಕೆ ಇಷ್ಟು ಮುಖ್ಯ ಎಂಬುದು ಈ ಭಾಗದಲ್ಲಿ ಸ್ಪಷ್ಟವಾಗುತ್ತದೆ. ರೋಗಿ ನಿದ್ರೆಗೆ ಜಾರಿದ ಮೇಲೆ, ಬೆನ್ನು ತೆರೆಯುವ ಮೊದಲೇ, ಮೊದಲ ಸಂಕೇತಗಳನ್ನು ದಾಖಲಿಸುತ್ತಾರೆ. ಕತ್ತಿನ ಮೂಳೆ ಅಸ್ಥಿರವಾಗಿರುವವರಲ್ಲಿ ಬೋರಲು ಮಲಗಿಸುವ ಮುನ್ನವೇ ದಾಖಲಿಸುವುದೂ ಇದೆ. ಲೆಕ್ಕಪತ್ರ ಬಲ್ಲವರು ಇದನ್ನು ಪ್ರಾರಂಭಿಕ ಶಿಲ್ಕು ಎಂದು ತಿಳಿಯಬಹುದು. ಮುಂದಿನ ಪ್ರತಿಯೊಂದು ನಮೂದನ್ನೂ ಅದರೊಂದಿಗೆ ತಾಳೆ ನೋಡಲಾಗುತ್ತದೆ. ಎಸ್.ಎಸ್.ಇ.ಪಿ.ಯ ಎತ್ತರ ಶೇಕಡ 50ರಷ್ಟು ಇಳಿದರೆ, ಅಥವಾ ಸಂಕೇತ ತಲುಪುವ ಸಮಯ ಶೇಕಡ 10ರಷ್ಟು ಹೆಚ್ಚಿದರೆ ಎಚ್ಚರಿಕೆ ಎಂದು ಪರಿಗಣಿಸುವುದು ಬಹುಕಾಲದ ರೂಢಿ.

ಇಳಿಕೆಗೆ ಕಾರಣ ಮೂರು ಬಗೆಯದಾಗಿರಬಹುದು: ತಂತಿ ಸಡಿಲವಾಗುವಂತಹ ತಾಂತ್ರಿಕ ದೋಷ, ಔಷಧ, ರಕ್ತದೊತ್ತಡ ಅಥವಾ ದೇಹದ ಉಷ್ಣಾಂಶದ ಬದಲಾವಣೆ, ಇಲ್ಲವೇ ನಿಜವಾಗಿಯೂ ಹುರಿಗೆ ಆಗುತ್ತಿರುವ ಹಾನಿ. ಮೂರನೆಯದಾದರೆ ಶಸ್ತ್ರಚಿಕಿತ್ಸಕರು ತಕ್ಷಣ ಕೈ ತಡೆಯಬೇಕು. ಎರಡನೆಯದನ್ನು ಮೂರನೆಯದೆಂದು ಭಾವಿಸಿದರೆ, ಸರಿಯಾಗಿ ಕೂಡಿದ್ದ ಸರಳನ್ನು ಅನವಶ್ಯಕವಾಗಿ ತೆಗೆಯಬೇಕಾಗುತ್ತದೆ, ಮಗುವಿನ ಬಾಗು ಪೂರ್ತಿ ಸರಿಹೋಗದೆ ಉಳಿಯಬಹುದು. ಮೂರನೆಯದನ್ನು ಎರಡನೆಯದೆಂದು ತಳ್ಳಿಹಾಕಿದರೆ ಆಗುವ ನಷ್ಟ ಹೇಳತೀರದು.

ಇದನ್ನು ಬೇರ್ಪಡಿಸಲು ಕೈಗಳ ಸಂಕೇತ ಸಹಾಯಕ್ಕೆ ಬರುತ್ತದೆ. ಎದೆಯ ಮಟ್ಟದಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದರೆ, ಕೈಗಳ ನರಹಾದಿ ಆ ಜಾಗವನ್ನು ಹಾಯುವುದಿಲ್ಲ. ಎರಡು ಕಾಲುಗಳ ಸಂಕೇತ ಮಾತ್ರ ಕುಸಿದು ಕೈಗಳದು ಹಾಗೆಯೇ ಇದ್ದರೆ ಅನುಮಾನ ಬೆನ್ನುಹುರಿಯ ಮೇಲೆ. ನಾಲ್ಕೂ ಅವಯವಗಳಲ್ಲಿ ಒಟ್ಟಿಗೆ ಇಳಿದರೆ ಔಷಧ ಅಥವಾ ರಕ್ತದೊತ್ತಡದ ಕಡೆ ನೋಡಬೇಕು. ಒಂದೇ ಕೈಯಲ್ಲಿ ಇಳಿದರೆ, ಬೋರಲು ಮಲಗಿಸಿದಾಗ ಆ ತೋಳು ಒತ್ತಿಕೊಂಡಿರಬಹುದು. ತೋಳನ್ನು ಸರಿಪಡಿಸಿದರೆ ಸಂಕೇತ ಮರಳುವುದುಂಟು. ಆದರೆ ಈ ತರ್ಕವೆಲ್ಲ ನಿಲ್ಲುವುದು ಅರಿವಳಿಕೆಯ ಮಟ್ಟ ಸ್ಥಿರವಾಗಿದ್ದಾಗ ಮಾತ್ರ. ಸರಳು ಬಿಗಿಯುವ ಐದು ನಿಮಿಷ ಮೊದಲು ಒಮ್ಮೆಲೇ ಹೆಚ್ಚುವರಿ ಔಷಧ ಕೊಟ್ಟಿದ್ದರೆ, ಇಳಿಕೆ ಯಾವುದರಿಂದ ಎಂದು ಹೇಳುವವರಾರು? ಹಾಗಾಗಿ ಒಮ್ಮೆಲೇ ದೊಡ್ಡ ಪ್ರಮಾಣ ಕೊಡದೆ ಒಂದೇ ಸಮನೆ ಹರಿಸುವುದನ್ನು ತಜ್ಞರು ಇಷ್ಟಪಡುತ್ತಾರೆ. ಔಷಧದ ಹೆಸರಿಗಿಂತ ಈ ಸ್ಥಿರತೆಯೇ ಒಂದು ತೂಕ ಹೆಚ್ಚು ಎಂದರೂ ತಪ್ಪಾಗದು.

ಎಚ್ಚರಿಕೆ ಬಂದಾಗ ತಂಡವು ಶಸ್ತ್ರಚಿಕಿತ್ಸೆಯನ್ನು ನಿಲ್ಲಿಸಿ, ತಂತಿಗಳನ್ನು ಪರೀಕ್ಷಿಸಿ, ಕಳೆದ ಕೆಲವು ನಿಮಿಷಗಳಲ್ಲಿ ಏನು ಬದಲಾಯಿತು ಎಂದು ಕೇಳಿಕೊಳ್ಳುತ್ತದೆ. ಬೆನ್ನುಹುರಿಗೆ ರಕ್ತ ಚೆನ್ನಾಗಿ ಹರಿಯಲೆಂದು ಸರಾಸರಿ ರಕ್ತದೊತ್ತಡವನ್ನು 85 ಅಥವಾ ಅದಕ್ಕಿಂತ ಮೇಲಕ್ಕೆ ಏರಿಸುತ್ತಾರೆ. ರಕ್ತ ಕಡಿಮೆಯಾಗಿದ್ದರೆ ಕೊಡುತ್ತಾರೆ. ದೇಹ ತಣ್ಣಗಾಗಿದ್ದರೆ ಬೆಚ್ಚಗಾಗಿಸುತ್ತಾರೆ. ಕೊನೆಗೆ, ಕೊನೆಯದಾಗಿ ಹಾಕಿದ ತಿರುಪನ್ನು ಅಥವಾ ಎಳೆತವನ್ನು ಹಿಂದೆಗೆಯುತ್ತಾರೆ. ಇಂತಹ ಸಂದರ್ಭಕ್ಕಾಗಿ ಪರಿಶೀಲನಾ ಪಟ್ಟಿಯೊಂದನ್ನು ತಜ್ಞರು 2014ರಲ್ಲಿ ಪ್ರಕಟಿಸಿದ್ದು, ಥಿಯೇಟರಿನ ಗೋಡೆಯ ಮೇಲೆ ಇಂತಹ ಪಟ್ಟಿ ಇರುವುದು ಒಳ್ಳೆಯ ಲಕ್ಷಣ. ಆದರೂ ಸಂಕೇತ ಮರಳದಿದ್ದರೆ 1973ರ ಆ ಹಳೆಯ ಪರೀಕ್ಷೆಗೇ, ಅಂದರೆ ರೋಗಿಯನ್ನು ಎಬ್ಬಿಸಿ ಬೆರಳು ಅಲ್ಲಾಡಿಸಲು ಹೇಳುವುದಕ್ಕೇ ಹಿಂದಿರುಗುತ್ತಾರೆ. ಆದ ಕಾರಣ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ವೈದ್ಯರು ‘ನಡುವೆ ಎಬ್ಬಿಸಬಹುದು, ಆಗ ನೋವಾಗುವುದಿಲ್ಲ, ಹೇಳಿದಂತೆ ಕಾಲು ಅಲ್ಲಾಡಿಸು’ ಎಂದು ಮಗುವಿಗೆ ಹೇಳಿಕೊಟ್ಟರೆ ಪೋಷಕರು ಹೆದರಬಾರದು. ಮನೆಯಲ್ಲಿ ಒಂದೆರಡು ಬಾರಿ ಅಭ್ಯಾಸ ಮಾಡಿಸಿದರೆ ಒಳ್ಳೆಯದು.

‘ಅರಿವಳಿಕೆ ಕಡಿಮೆ ಕೊಟ್ಟರೆ ಮಗುವಿಗೆ ಗೊತ್ತಾಗುವುದಿಲ್ಲವೇ?’

ತಾಯಂದಿರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಇದನ್ನು ಹಗುರವಾಗಿ ತೆಗೆದುಕೊಳ್ಳತಕ್ಕದ್ದಲ್ಲ. ಅನಿಲ ಬಳಸಿದಾಗ ರೋಗಿ ಹೊರಬಿಡುವ ಉಸಿರಿನಲ್ಲಿ ಎಷ್ಟು ಔಷಧವಿದೆ ಎಂದು ಯಂತ್ರ ತೋರಿಸುತ್ತದೆ; ರಕ್ತನಾಳದ ಮೂಲಕ ಹರಿಸುವ ಔಷಧಕ್ಕೆ ಥಿಯೇಟರಿನಲ್ಲಿ ಅಂತಹ ಸುಲಭ ಮಾಪನವಿಲ್ಲ. ಸ್ನಾಯು ಸಡಿಲಿಸುವ ಔಷಧವೂ ಇಲ್ಲದಿರುವುದರಿಂದ, ನಿದ್ರೆ ಹಗುರವಾದರೆ ರೋಗಿ ಅಲುಗಾಡಬಹುದು. ಆದುದರಿಂದ ಹಣೆಗೆ ಪಟ್ಟಿಯೊಂದನ್ನು ಅಂಟಿಸಿ ಮಿದುಳಿನ ಅಲೆಗಳಿಂದ ನಿದ್ರೆಯ ಆಳವನ್ನು ಅಂಕಿಯ ರೂಪದಲ್ಲಿ ತೋರಿಸುವ ಯಂತ್ರವನ್ನು ಬಳಸಲಾಗುತ್ತದೆ. ಬಿಸ್ ಎಂಬ ಯಂತ್ರದಲ್ಲಿ 40ರಿಂದ 60ರ ನಡುವೆ ಇದ್ದರೆ ಸರಿಯಾದ ಆಳ. ಕೆಟಮಿನ್ ಕೊಟ್ಟಾಗ ಈ ಅಂಕಿ ನಿಜಕ್ಕಿಂತ ಹೆಚ್ಚು ತೋರಿಸಬಹುದು ಎಂಬುದು ತಜ್ಞರಿಗೆ ತಿಳಿದಿರುವ ವಿಚಾರವೇ. ‘ಹಣೆಯ ಮೇಲೆ ನಿದ್ರೆಯ ಆಳ ನೋಡುವ ಯಂತ್ರ ಇರುತ್ತದೆಯೇ ಸಾರ್’ ಎಂದು ಕೇಳುವುದರಲ್ಲಿ ಅನುಚಿತವಾದುದೇನೂ ಇಲ್ಲ.

ಅದರ ಬದಲು ‘ಇನ್ನಷ್ಟು ಸ್ಟ್ರಾಂಗ್ ಅರಿವಳಿಕೆ ಕೊಡಿ’ ಎಂದು ಒತ್ತಾಯಿಸುವುದು ಸರಿಯಲ್ಲ. ಹೆಚ್ಚು ಔಷಧವೆಂದರೆ ಹೆಚ್ಚು ಸುರಕ್ಷತೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಾಲುಗಳ ಮೇಲಿನ ಕಣ್ಣು ಅದರಿಂದ ಮುಚ್ಚಿಹೋಗುತ್ತದೆ.

ತಜ್ಞರಿಗೆ ಮೊದಲೇ ತಿಳಿಸಬೇಕಾದ ವಿಷಯಗಳು

ಕೆಲವು ಸಂಗತಿಗಳನ್ನು ರೋಗಿಯ ಮನೆಯವರು ಹೇಳದ ಹೊರತು ಯಾವ ರಕ್ತಪರೀಕ್ಷೆಯಿಂದಲೂ ಸುಲಭವಾಗಿ ತಿಳಿಯುವುದಿಲ್ಲ. ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಅರಿವಳಿಕೆಯ ಸಮಯದಲ್ಲಿ ವಿಪರೀತ ಜ್ವರ ಏರಿ ಜೀವಕ್ಕೆ ಅಪಾಯವಾಗಿದ್ದರೆ ಅದನ್ನು ಮೊದಲು ಹೇಳತಕ್ಕದ್ದು. ಮಲಿಗ್ನೆಂಟ್ ಹೈಪರ್‌ಥರ್ಮಿಯಾ ಎಂಬ ಈ ದೋಷ ವಂಶಪಾರಂಪರ್ಯವಾಗಿ ಬರುತ್ತದೆ. ಮೇಲೆ ಹೇಳಿದ ಅನಿಲಗಳು ಮತ್ತು ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಕ ಅಂತಹವರಿಗೆ ಪ್ರಾಣಾಂತಿಕ. ಪ್ರೊಪೊಫಾಲ್ ಸುರಕ್ಷಿತ.

ಡುಷೆನ್ ಎಂಬ ಸ್ನಾಯುಕ್ಷಯ ರೋಗವುಳ್ಳ ಗಂಡುಮಕ್ಕಳಲ್ಲಿ ಬೆನ್ನು ಬಾಗುವುದು ಸಾಮಾನ್ಯ. ಇವರಿಗೂ ಸಕ್ಸಿನೈಲ್‌ಕೋಲಿನ್ ಅಪಾಯಕಾರಿ. ಅನಿಲಗಳನ್ನೂ ತಜ್ಞರು ತಪ್ಪಿಸುತ್ತಾರೆ. ರೋಗ ಇನ್ನೂ ಪತ್ತೆಯಾಗದೆ, ಮಗು ಪದೇ ಪದೇ ಬೀಳುತ್ತಿದ್ದರೆ ಅಥವಾ ನೆಲದಿಂದ ಏಳುವಾಗ ತೊಡೆಗೆ ಕೈಯೂರಿ ಏಳುತ್ತಿದ್ದರೆ ಅದನ್ನು ಸಂಕೋಚವಿಲ್ಲದೆ ತಿಳಿಸುವುದು.

ಮೂರ್ಛೆರೋಗ, ತಲೆಬುರುಡೆಯ ಹಿಂದಿನ ಶಸ್ತ್ರಚಿಕಿತ್ಸೆ, ತಲೆಯೊಳಗೆ ಲೋಹದ ಕ್ಲಿಪ್, ಕಿವಿಯೊಳಗಿನ ಕಾಕ್ಲಿಯರ್ ಇಂಪ್ಲಾಂಟ್, ಪೇಸ್‌ಮೇಕರ್ ಇರುವವರು ತಪ್ಪದೆ ಹೇಳಬೇಕು, ಏಕೆಂದರೆ ಎಂ.ಇ.ಪಿ.ಗಾಗಿ ನೆತ್ತಿಗೆ ಕೊಡುವ ಪ್ರಚೋದನೆ ನೂರಾರು ವೋಲ್ಟ್‌ಗಳಷ್ಟಿರುತ್ತದೆ. ಸಂಖ್ಯೆ ಕೇಳಿ ಭಯಪಡುವುದು ಬೇಡ. ಒಂದೊಂದು ಮಿಡಿತದ ಅವಧಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ, ಪೋಲಿಯೋದಿಂದ ಕಾಲು ಸೊರಗಿದ್ದರೆ ಸಂಕೇತ ಮೊದಲೇ ದುರ್ಬಲವಾಗಿರುತ್ತದೆ. ಅಲ್ಲಾಡುವ ಹಲ್ಲು ಇದ್ದರೆ ಅದನ್ನೂ ಹೇಳಿ. ಪ್ರಚೋದನೆಯ ವೇಳೆ ದವಡೆ ಬಿಗಿಯುವುದರಿಂದ ನಾಲಗೆ ಕಚ್ಚಿಹೋಗದಂತೆ ಎರಡೂ ಕಡೆ ದವಡೆ ಹಲ್ಲುಗಳ ನಡುವೆ ಮೃದುವಾದ ಬಟ್ಟೆಯ ಸುರುಳಿ ಇಡಲಾಗುತ್ತದೆ.

ಅರ್ಜಿ ಮತ್ತು ಒಪ್ಪಿಗೆ ಪತ್ರ

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಪಡೆಯುವವರು, ನಿಗಾ ವ್ಯವಸ್ಥೆ ಹಾಗೂ ಅದಕ್ಕೆ ಬೇಕಾದ ಎಲೆಕ್ಟ್ರೋಡುಗಳು ತಮಗೆ ಮಂಜೂರಾಗುವ ಪ್ಯಾಕೇಜಿನಲ್ಲಿ ಅಡಕವಾಗಿವೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಿಂದ ದಾಖಲಾಗುವ ಮೊದಲೇ ಖಚಿತಪಡಿಸಿಕೊಳ್ಳುವುದು. ಪ್ರತ್ಯೇಕ ಹಣ ಕೇಳಿದಲ್ಲಿ ಯಾವ ಬಾಬ್ತಿಗೆ ಎಂದು ಬರಹದಲ್ಲಿ ಪಡೆಯುವುದು. ಬಾಯಿಮಾತಿನ ಉತ್ತರ ಮುಂದೆ ಯಾವ ಮೇಲ್ಮನವಿಗೂ ಆಧಾರವಾಗುವುದಿಲ್ಲ.

ಒಪ್ಪಿಗೆ ಪತ್ರದಲ್ಲಿ ‘ಶಸ್ತ್ರಚಿಕಿತ್ಸೆಯ ನಡುವೆ ಎಬ್ಬಿಸಬಹುದು’, ‘ನಾಲಗೆಗೆ ಗಾಯವಾಗಬಹುದು’, ‘ನಿಗಾ ಇದ್ದರೂ ನರಹಾನಿ ಆಗಬಹುದು’ ಎಂಬ ವಾಕ್ಯಗಳು ಕಂಡುಬರುತ್ತವೆ. ಇವು ಆಸ್ಪತ್ರೆಯು ಜವಾಬ್ದಾರಿಯಿಂದ ತಪ್ಪಿಸಿಕೊಳ್ಳಲು ಬರೆದ ಮಾತುಗಳಲ್ಲ. ಇರುವ ಸಂಗತಿಯೇ ಆಗಿವೆ. ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳುವಂತೆ ಕೋರುವುದು ರೋಗಿಯ ಹಕ್ಕು. ನಿಗಾ ಸಾಧನ ಇಲ್ಲದ ಆಸ್ಪತ್ರೆಯಾಗಿದ್ದರೆ, ಅದರ ಬದಲಿಗೆ ಯಾವ ಪರೀಕ್ಷೆ ಮಾಡುತ್ತೀರಿ, ಇಲ್ಲವೇ ಬೇರೆ ಆಸ್ಪತ್ರೆಗೆ ಕಳುಹಿಸುವುದು ಅವಶ್ಯವೇ ಎಂದು ಶಸ್ತ್ರಚಿಕಿತ್ಸಕರನ್ನೇ ಕೇಳತಕ್ಕದ್ದು.

ಶಸ್ತ್ರಚಿಕಿತ್ಸೆಯ ನಂತರ

ರೋಗಿ ಎಚ್ಚರಗೊಂಡ ಕೂಡಲೇ ಕಾಲು, ಪಾದ ಅಲ್ಲಾಡಿಸಲು ಹೇಳುತ್ತಾರೆ. ಮುಂದಿನ ಒಂದೆರಡು ದಿನ ಇದನ್ನು ಪದೇ ಪದೇ ಪರೀಕ್ಷಿಸುವುದು ಅವಶ್ಯಕ, ಏಕೆಂದರೆ ಥಿಯೇಟರಿನಲ್ಲಿ ಸಂಕೇತ ಸರಿಯಿದ್ದು ನಂತರ ಶಕ್ತಿ ಕುಂದುವ ಪ್ರಸಂಗಗಳೂ ವಿರಳವಾಗಿ ಇವೆ. ಅಲ್ಲಿಯವರೆಗೆ ಅಲ್ಲಾಡುತ್ತಿದ್ದ ಪಾದ ನಿಂತಿತೆಂದು ಕಂಡರೆ ರಾತ್ರಿಯಾದರೂ ಸರಿ, ಬೆಳಗಿನ ರೌಂಡ್ಸಿಗೆ ಕಾಯದೆ ಕರ್ತವ್ಯದಲ್ಲಿರುವ ವೈದ್ಯರಿಗೆ ತಿಳಿಸತಕ್ಕದ್ದು. ನೆತ್ತಿ, ಕಾಲು, ಅಂಗೈಗಳಲ್ಲಿ ಸೂಜಿ ಚುಚ್ಚಿದ ಸಣ್ಣ ಗುರುತುಗಳು ಕಾಣಿಸಿದರೆ ಅವು ಎಲೆಕ್ಟ್ರೋಡುಗಳದು, ತಾವಾಗಿಯೇ ಮಾಯುತ್ತವೆ.

ಬಿಡುಗಡೆಯ ವೇಳೆ ಡಿಸ್ಚಾರ್ಜ್ ಸಾರಾಂಶದ ಜೊತೆಗೆ ಅರಿವಳಿಕೆಯ ದಾಖಲೆ ಮತ್ತು ನಿಗಾ ವರದಿಯ ಪ್ರತಿಯನ್ನು ಕೇಳಿ ಪಡೆಯುವುದು. ಬೆಳೆಯುವ ವಯಸ್ಸಿನ ಮಕ್ಕಳಿಗೆ ಮುಂದೆ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಆಗ ಯಾವ ಔಷಧಗಳಲ್ಲಿ ಸಂಕೇತ ಚೆನ್ನಾಗಿ ದೊರೆತಿತ್ತು, ಯಾವುದರಲ್ಲಿ ಮಂಕಾಗಿತ್ತು ಎಂಬ ವಿವರವು ಹೊಸ ಅರಿವಳಿಕೆ ತಜ್ಞರಿಗೆ ಆ ಕಾಗದದಿಂದಲೇ ದೊರೆಯುತ್ತದೆ.